ಮೊದಲ ಡಿಟೆಕ್ಟರ್ ಮತ್ತು ನಮ್ಮ ಕೆಂಪು ಮಣ್ಣು

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಟೀ ಅಂಗಡಿಯಲ್ಲಿ, ಹೋದ ಬೇಸಿಗೆಯ ಒಂದು ಸಂಜೆ, ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಹುಡುಗ ತನ್ನ ಫೋನನ್ನು ನನ್ನ ಕಡೆ ತಿರುಗಿಸಿದ. ಆಸ್ಟ್ರೇಲಿಯಾದ ಯಾವುದೋ ಒಣ ಬಯಲು. ಟೋಪಿ ಹಾಕಿದವನೊಬ್ಬ ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿಕೊಂಡು ನೆಲ ಸವರುತ್ತಾ ಹೋಗುತ್ತಿದ್ದಾನೆ. ಯಂತ್ರ ಕುಂಯ್ ಅಂದಿತು. ಎರಡು ಸಲ ಗುದ್ದಲಿ ಹಾಕಿ ಕೆರೆದ. ಕಡಲೆಕಾಳಿನಷ್ಟು ಚಿನ್ನ ಅಂಗೈಗೆ ಬಂತು.

"ಅಲ್ಲೀ ಮಣ್ಣೂ ನಮ್ಮ ಮಣ್ಣಿನ ಥರಾನೇ ಕೆಂಪಗೈತೆ ಅಣ್ಣಾ. ಕೋಲಾರದ ಗಣಿ ನಮ್ಗೇನು ದೂರಾನಾ? ಹದಿನೈದು ಸಾವಿರ ಕೂಡಿಟ್ಟಿದೀನಿ. ಯಾವ ಮಿಷನ್ ತಗೊಳ್ಲಿ ಹೇಳಿ."

ಟೊಮೆಟೊ ಬೆಲೆ ಬಿದ್ದ ವರ್ಷ ಹದಿನೈದು ಸಾವಿರ ಉಳಿಸುವುದು ಎಷ್ಟು ಕಷ್ಟ ಎಂದು ಆ ಸೀಮೆಯಲ್ಲಿ ಓಡಾಡಿದವರಿಗೆ ಗೊತ್ತು. ಹಾಗಾಗಿ ಅವನ ಪ್ರಶ್ನೆಗೆ ಅಲ್ಲೇ ಒಂದು ಮಾತಿನ ಉತ್ತರ ಕೊಡಲು ಮನಸ್ಸಾಗಲಿಲ್ಲ. ಯಂತ್ರ ಯಾವುದು ಎನ್ನುವುದಕ್ಕಿಂತ ಮೊದಲು ಆ ಯಂತ್ರಕ್ಕೆ ಏನು ಕೇಳಿಸುತ್ತದೆ, ನಮ್ಮ ನೆಲದಲ್ಲಿ ಚಿನ್ನ ಯಾವ ರೂಪದಲ್ಲಿದೆ, ಇದ್ದರೂ ಅಗೆಯುವ ಹಕ್ಕು ಯಾರದು ಎಂದು ನೋಡಬೇಕು. ಈ ಲೇಖನ ಅವನಿಗೆ ಕೊಡಬೇಕಿದ್ದ ಉತ್ತರ.

ಯಂತ್ರದ ಕೆಲಸ ಸರಳ. ತಟ್ಟೆಯಂಥ ಭಾಗದಲ್ಲಿ ತಾಮ್ರದ ತಂತಿಯ ಸುರುಳಿ ಇದೆ. ಅದಕ್ಕೆ ಕಾಯಿಲ್ ಎನ್ನುತ್ತಾರೆ. ಬ್ಯಾಟರಿಯ ವಿದ್ಯುತ್ತು ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹರಿಯುವಾಗ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರ ನೆಲದೊಳಗಿನ ಲೋಹದ ತುಂಡಿಗೆ ತಾಕಿದರೆ ತುಂಡಿನ ಮೈಯಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ಹೊರಗೆ ಚೆಲ್ಲುತ್ತವೆ, ಕಾಯಿಲ್ ಅದನ್ನು ಹಿಡಿಯುತ್ತದೆ, ಕಿವಿಗೆ ಸದ್ದು ಬರುತ್ತದೆ. ಸುಳಿ ಏಳಬೇಕಾದರೆ ಲೋಹ ಒಂದು ತುಂಡಾಗಿರಬೇಕು. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಹೀಗೆ ಹಿಂದೆ ಮುಂದೆ ಹರಿಯುತ್ತದೆ ಎಂಬುದೇ ಯಂತ್ರದ ಕಂಪನಾಂಕ. ನಾಣ್ಯ ಹುಡುಕಲೆಂದು ಮಾಡಿದ ಅಗ್ಗದ ಯಂತ್ರಗಳು 5ರಿಂದ 10 ಕಿಲೋಹರ್ಟ್ಸ್ ಒಳಗೆ ಕೆಲಸ ಮಾಡುತ್ತವೆ. ಹೊಸಬರು ಬಹಳ ಜನ ಕೊಳ್ಳುವ ಗ್ಯಾರೆಟ್ ಏಸ್ 300 ಇರುವುದು 8ರಲ್ಲಿ. ಬೆಳ್ಳಿ, ತಾಮ್ರದ ದಪ್ಪ ನಾಣ್ಯ ಅದಕ್ಕೆ ಚೆನ್ನಾಗಿ ಕೇಳಿಸುತ್ತದೆ, ರಾಗಿಕಾಳಿನಷ್ಟು ಚಿನ್ನ ಕೇಳಿಸುವುದಿಲ್ಲ. ಚಿನ್ನಕ್ಕೆಂದೇ ಮಾಡಿದ ಮೈನ್‌ಲ್ಯಾಬ್ ಗೋಲ್ಡ್ ಮಾನ್‌ಸ್ಟರ್ 1000 ಎಂಬುದು 45 ಕಿಲೋಹರ್ಟ್ಸ್‌ನಲ್ಲಿ, ಫಿಶರ್ ಗೋಲ್ಡ್ ಬಗ್ 2 ಎಂಬ ಹಳೆಯ ಯಂತ್ರ 71ರಲ್ಲಿ ಕೆಲಸ ಮಾಡುತ್ತವೆ. ಕಂಪನ ಹೆಚ್ಚಿದಷ್ಟೂ ಸಣ್ಣ ತುಂಡು ಕೇಳಿಸುತ್ತದೆ. ಆದರೆ ಮಣ್ಣಿನ ಗಲಾಟೆಯೂ ಅಷ್ಟೇ ಹೆಚ್ಚುತ್ತದೆ.

ಆ ಹುಡುಗ ಕೆಂಪು ಮಣ್ಣನ್ನು ಶುಭಸೂಚನೆ ಎಂದುಕೊಂಡಿದ್ದ. ಡಿಟೆಕ್ಟರ್ ಹಿಡಿದವನಿಗೆ ಅದು ದೊಡ್ಡ ತೊಡಕು. ಮಣ್ಣು ಕೆಂಪಗಿರುವುದು ಕಬ್ಬಿಣದ ಆಕ್ಸೈಡುಗಳಿಂದ. ಅವುಗಳಲ್ಲಿ ಹೆಮಟೈಟ್ ಸುಮ್ಮನಿರುತ್ತದೆ, ಮ್ಯಾಗ್ನೆಟೈಟ್ ಮತ್ತು ಮ್ಯಾಗ್ಹೆಮೈಟ್ ಸುಮ್ಮನಿರುವುದಿಲ್ಲ. ಕಾಯಿಲ್ ಬೀಸಿದಲ್ಲೆಲ್ಲ ನೆಲವೇ ಕೂಗುತ್ತದೆ. ಒಳ್ಳೆಯ ಯಂತ್ರದಲ್ಲಿ ಈ ಕೂಗನ್ನು ಅಡಗಿಸುವ 'ಗ್ರೌಂಡ್ ಬ್ಯಾಲೆನ್ಸ್' ಇರುತ್ತದೆ. ನಮ್ಮ ಪೇಟೆಗಳಲ್ಲಿ ಹತ್ತು ಸಾವಿರದ ಆಸುಪಾಸಿಗೆ ಸಿಗುವ ಯಂತ್ರಗಳಲ್ಲಿ ಅದು ಇರುವುದಿಲ್ಲ, ಇಲ್ಲವೇ ಕಾರ್ಖಾನೆಯಲ್ಲಿ ಒಮ್ಮೆ ಕೂರಿಸಿದ್ದೇ ಕೊನೆ. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಜಾತಿಯ ಯಂತ್ರ ವಿದ್ಯುತ್ತನ್ನು ಒಂದೇ ಏಟಿಗೆ ಬಿಟ್ಟು, ನಿಲ್ಲಿಸಿ, ಆ ಮೌನದಲ್ಲಿ ಕಿವಿಗೊಡುತ್ತದೆ. ಕೆಂಪು ನೆಲಕ್ಕೆ ಅದೇ ಸರಿ. ಫೋನಿನಲ್ಲಿ ಕಂಡ ಯಂತ್ರ ಬಹುಶಃ ಅಂಥದೇ. ಅದರ ಬೆಲೆ ನಮ್ಮ ಹಣದಲ್ಲಿ ಲಕ್ಷಗಳ ಲೆಕ್ಕ.

ಪರದೆಯ ಮೇಲೆ ಅಂಕಿ ತೋರಿಸಿ 'ಇದು ಚಿನ್ನ, ಇದು ಕಬ್ಬಿಣ' ಎನ್ನುವ ಯಂತ್ರಗಳನ್ನೂ ಪೂರಾ ನಂಬಬಾರದು. ಸಣ್ಣ ಚಿನ್ನದ ತುಂಡಿನ ಅಂಕಿಯೂ ಗುಟ್ಕಾ ಪೊಟ್ಟಣ, ಮಾತ್ರೆ ಪಟ್ಟಿಗಳಲ್ಲಿರುವ ಅಲ್ಯೂಮಿನಿಯಂ ಹಾಳೆಯ ಅಂಕಿಯೂ ಒಂದೇ ಕಡೆ ಬೀಳುತ್ತವೆ. ಕಸ ಬೇಡವೆಂದು ಆ ಅಂಕಿಗಳನ್ನು ಮುಚ್ಚಿಟ್ಟರೆ ಚಿನ್ನಕ್ಕೂ ಬಾಗಿಲು ಮುಚ್ಚಿದಂತೆ. ಅನುಭವಿಗಳು ಸದ್ದು ಬಂದಲ್ಲೆಲ್ಲ ಅಗೆಯುತ್ತಾರೆ, ನೂರು ಸಲ ಅಗೆದರೆ ತೊಂಬತ್ತಕ್ಕೂ ಹೆಚ್ಚು ಸಲ ಮೊಳೆ, ತಂತಿ, ಲಾಳದ ಚೂರು ಕೈಗೆ ಬರುತ್ತದೆ. ವೀಡಿಯೊದಲ್ಲಿ ಆ ತೊಂಬತ್ತನ್ನು ಕತ್ತರಿಸಿ ತೆಗೆದಿರುತ್ತಾರೆ.

ಇನ್ನು ನಮ್ಮ ಚಿನ್ನದ ಮಾತು. ಕೋಲಾರದ ಚಿನ್ನ ಇರುವುದು ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ನಾಲ್ಕಾರು ಕಿಲೋಮೀಟರ್ ಅಗಲ ಚಾಚಿರುವ ಕಪ್ಪು ಶಿಲೆಯ ಪಟ್ಟಿಯೊಂದರಲ್ಲಿ. ಭೂವಿಜ್ಞಾನಿಗಳು ಕೋಲಾರ ಶಿಸ್ಟ್ ಪಟ್ಟಿ ಎನ್ನುವುದು ಅದನ್ನೇ. ಪಟ್ಟಿ ದಾಟಿದರೆ ಗ್ರಾನೈಟ್, ನೈಸ್ ಶಿಲೆಗಳು. ಚಿಂತಾಮಣಿ ಸೀಮೆಯ ಬಹುಪಾಲು ನೆಲ, ಕೈವಾರದ ಬೆಟ್ಟ, ಅಂಬಾಜಿದುರ್ಗದ ಬಂಡೆ ಎಲ್ಲ ಆ ಗ್ರಾನೈಟ್ ಕುಲದವು. 2007ರವರೆಗೆ ಚಿಂತಾಮಣಿ ಕೋಲಾರ ಜಿಲ್ಲೆಯಲ್ಲೇ ಇತ್ತು, ನಿಜ. ಆದರೆ ಜಿಲ್ಲೆಯ ಗಡಿ ಎಳೆದವರು ಬಂಡೆ ನೋಡಿ ಎಳೆಯಲಿಲ್ಲ.

ಸರಿ, ಹುಡುಗ ಬಸ್ಸು ಹತ್ತಿ ಆ ಪಟ್ಟಿಯ ಮೇಲೇ ಹೋಗಿ ನಿಂತ ಎಂದುಕೊಳ್ಳೋಣ. ಆಗಲೂ ಯಂತ್ರಕ್ಕೆ ಚಿನ್ನ ಕೇಳಿಸದು. ಕೋಲಾರ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ ಚಿನ್ನ ಬಹುಪಾಲು ಬೆಣಚುಕಲ್ಲಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಕಣಗಳಾಗಿ ಹರಡಿದೆ. ಶುರುವಿನ ವರ್ಷಗಳಲ್ಲಿ ಟನ್ನಿಗೆ 40 ಗ್ರಾಂಗೂ ಮೇಲೆ ಸಿಕ್ಕಿದ್ದುಂಟು, ಮುಚ್ಚುವ ಹೊತ್ತಿಗೆ ಅದು ಮೂರು ನಾಲ್ಕು ಗ್ರಾಂಗೆ ಇಳಿದಿತ್ತು. ಟನ್ನಿಗೆ ಮೂರು ಗ್ರಾಂ ಎಂದರೆ ಒಂದು ಕೆಜಿ ಕಲ್ಲಿನಲ್ಲಿ ಮೂರು ಮಿಲಿಗ್ರಾಂ, ಅದೂ ಒಂದೇ ತುಂಡಾಗಿ ಅಲ್ಲ, ಸಾವಿರ ಕಣಗಳಾಗಿ. ತುಂಡೇ ಇಲ್ಲವಾದ ಮೇಲೆ ಸುಳಿ ಎಲ್ಲಿ ಏಳಬೇಕು? ಆ ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಕರಗಿಸಿ ಚಿನ್ನ ಬಿಡಿಸುತ್ತಿದ್ದರು. ಅಲ್ಲಿನ ಸೈನೈಡ್ ದಿಬ್ಬಗಳು ಆ ಹಿಟ್ಟಿನ ರಾಶಿಗಳೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದದ್ದು, ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದು 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿದ್ದು, ಎಲ್ಲ ಈ ಕಣಗಳ ಹಿಂದೆ ಹೋಗಿ. ಅಂಗೈ ಅಗಲದ ಕಾಯಿಲ್‌ಗೆ ಸಣ್ಣ ಚಿನ್ನ ಕೇಳಿಸುವುದು ಗೇಣು ಆಳದೊಳಗೆ.

ಹಾಗಾದರೆ ಆಸ್ಟ್ರೇಲಿಯಾದಲ್ಲಿ ಹೇಗೆ ಸಿಗುತ್ತದೆ? ಅಲ್ಲಿ ಕೋಟ್ಯಂತರ ವರ್ಷ ಬಂಡೆ ಕೊಳೆತು ಕರಗಿ ಹೋಗಿದೆ, ಒಳಗಿದ್ದ ಚಿನ್ನದ ಗಟ್ಟಿಗಳು ಕರಗದೆ ಮೇಲ್ಮಣ್ಣಿನಲ್ಲೇ ಉಳಿದಿವೆ. ವಿಕ್ಟೋರಿಯಾ ರಾಜ್ಯದ ಮೊಲಿಯಾಗುಲ್‌ನಲ್ಲಿ 1869ರಲ್ಲಿ ಸಿಕ್ಕ 'ವೆಲ್‌ಕಮ್ ಸ್ಟ್ರೇಂಜರ್' ಗಟ್ಟಿ ಒಂದೆರಡು ಅಂಗುಲ ಮಣ್ಣಿನ ಕೆಳಗಷ್ಟೇ ಇತ್ತು. ಅದೇ ಸೀಮೆಯ ಕಿಂಗೋವರ್‌ನಲ್ಲಿ 1980ರಲ್ಲಿ ಕೆವಿನ್ ಹಿಲಿಯರ್ ಎಂಬಾತ ಗ್ಯಾರೆಟ್ ಡಿಟೆಕ್ಟರ್ ಹಿಡಿದು 27 ಕೆಜಿಗೂ ಮೀರಿದ 'ಹ್ಯಾಂಡ್ ಆಫ್ ಫೇತ್' ಗಟ್ಟಿಯನ್ನು ತೆಗೆದ. ನಮ್ಮ ನೆಲದ ಕತೆ ಅದಲ್ಲ.

ನಮ್ಮವರು ಚಿನ್ನ ಹುಡುಕಿದ ಬಗೆ ಬೇರೆ. ಹಿರಿಯರ ತಲೆಮಾರಿನಲ್ಲಿ ಅಕ್ಕಿಯ ಕಲ್ಲು ತೆಗೆಯಲು ಪಾತ್ರೆಯಲ್ಲಿ ನೀರು ಹಾಕಿ ತೂಗಿ ತೂಗಿ ಜಾಲಿಸುತ್ತಿದ್ದರಲ್ಲ, ಅದೇ ಬಗೆ. ಹಗುರವಾದದ್ದು ನೀರಿನೊಡನೆ ಹೋಗುತ್ತದೆ, ಭಾರವಾದದ್ದು ತಳದಲ್ಲಿ ಕೂರುತ್ತದೆ. ಬೆಣಚುಕಲ್ಲಿನ ಮರಳು ನೀರಿಗಿಂತ ಎರಡೂವರೆ ಪಟ್ಟು ಭಾರ, ಚಿನ್ನ ಹತ್ತೊಂಬತ್ತು ಪಟ್ಟು. ಗದಗ ಸೀಮೆಯ ಕಪ್ಪತಗುಡ್ಡದ ಸುತ್ತ ಹಳ್ಳದ ಮರಳಿನಿಂದ ಹೀಗೆ ಚಿನ್ನ ತೆಗೆಯುತ್ತಿದ್ದ ಜನರಿಗೆ ಜಾಲಗಾರರೆಂದೇ ಹೆಸರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಆ ಗುಡ್ಡಗಳ ಚಿನ್ನದ ಬಗ್ಗೆ ಬರೆದಾಗ ಅವರ ಕಸುಬನ್ನೂ ದಾಖಲಿಸಿದ. ಸೊರಟೂರಿನ ಹಳ್ಳದ ಮರಳು ಅವರ ಗಣಿ, ಮಳೆ ಅವರ ಯಂತ್ರ. ಮಳೆ ಬಂದು ಹಳ್ಳ ಹರಿದು ಇಳಿದ ಮೇಲೆ ಮರದ ಮರಿಗೆ ಹಿಡಿದು ಹೊರಡುತ್ತಿದ್ದರು.

ಕೋಲಾರದ್ದೂ ಮೊದಲಿಗೆ ಇದೇ ಕತೆ. 1802ರಲ್ಲಿ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಚಿನ್ನದ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಎಂದನಂತೆ. ಉರಿಗಾಂ ಕಡೆಯ ಹಳ್ಳಿಯವರು ಎತ್ತಿನಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಹುಡಿ ತೋರಿಸಿದರು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇನ್ನೂ ಹಳೆಯ ಗುರುತುಗಳಿವೆ. ಬೆಂಕಿ ಹಾಕಿ ಬಂಡೆ ಕಾಯಿಸಿ, ಸೀಳಿ, ನೂರಾರು ಅಡಿ ಇಳಿದಿದ್ದ ಪ್ರಾಚೀನ ಗಣಿಗಳಲ್ಲಿ ಸಿಕ್ಕ ಮರದ ತುಂಡಿನ ವಯಸ್ಸು ಸುಮಾರು 2000 ವರ್ಷ. ಇಷ್ಟು ಕಾಲ ನಮ್ಮ ನೆಲದಲ್ಲಿ ಚಿನ್ನ ಹುಡುಕಿದವರೆಲ್ಲ ನುಣ್ಣನೆಯ ಕಣಗಳ ಹಿಂದೆ ಹೋದವರು. ಗಟ್ಟಿ ಹುಡುಕಲು ಹೊರಟವರಲ್ಲ. ಡಿಟೆಕ್ಟರ್ ಗಟ್ಟಿ ಹುಡುಕುವ ಯಂತ್ರ. ಹುಡುಗನ ಹದಿನೈದು ಸಾವಿರ ಉಳಿಸಬೇಕಾದ ಮಾತು ನನ್ನ ಮಟ್ಟಿಗೆ ಇದೇ.

ಇಲ್ಲಿ ಒಂದು ಮೋಸದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ನಮ್ಮ ಸೀಮೆಯಲ್ಲಿ ಡಿಟೆಕ್ಟರಿನ ಹೆಸರಲ್ಲಿ ಮಾರಾಟವಾಗುವುದರಲ್ಲಿ ಡಿಟೆಕ್ಟರೇ ಅಲ್ಲದ್ದು ಬಹಳ. ಹಿಡಿಕೆಗೆ ಎರಡು ಹಿತ್ತಾಳೆ ಕಡ್ಡಿ ಸಿಕ್ಕಿಸಿ "ಅರ್ಧ ಕಿಲೋಮೀಟರ್ ದೂರದ ಚಿನ್ನ ಎಳೆಯುತ್ತದೆ" ಎಂದು ಮಾರುತ್ತಾರೆ. ಕಡ್ಡಿ ತಿರುಗುವುದು ಹಿಡಿದವನ ಮಣಿಕಟ್ಟಿನ ಸಣ್ಣ ಓಲಾಟಕ್ಕೆ. ಇದೇ ಬಗೆಯ ಎಡಿಇ 651 ಎಂಬ ಖಾಲಿ ಡಬ್ಬವನ್ನು ಬಾಂಬ್ ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ ಬ್ರಿಟನ್ನಿನ ನ್ಯಾಯಾಲಯ 2013ರಲ್ಲಿ 10 ವರ್ಷ ಜೈಲು ವಿಧಿಸಿತು. ಅದನ್ನು ನಂಬಿ ವಾಹನ ತಪಾಸಣೆ ಮಾಡಿದ ಬಾಗ್ದಾದಿನಲ್ಲಿ ಜನ ಸತ್ತರು. ಫೋನಿನ 'ಗೋಲ್ಡ್ ಸ್ಕ್ಯಾನರ್' ಆ್ಯಪ್‌ಗಳೂ ಹಾಗೆಯೇ. ಫೋನಿನೊಳಗೆ ದಿಕ್ಸೂಚಿಗೆಂದು ಇರುವ ಸಂವೇದಕ ಅಯಸ್ಕಾಂತ, ಕಬ್ಬಿಣವನ್ನಷ್ಟೇ ಗುರುತಿಸುತ್ತದೆ. ಚಿನ್ನಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ ಎಂದು ನಮ್ಮ ಯಾವ ಅಕ್ಕಸಾಲಿಗರನ್ನು ಕೇಳಿದರೂ ಹೇಳುತ್ತಾರೆ.

ಕಡ್ಡಿಯ ಹಿಂದೆಯೇ ಪೂಜೆ, ಅಮಾವಾಸ್ಯೆ, ನಿಧಿಯ ಮಾತು ಬರುತ್ತವೆ. ಈ ಸೀಮೆಯ ಹೊಲದ ಬದುಗಳಲ್ಲಿ ಗಂಗರ, ನೊಳಂಬರ, ಚೋಳರ ಕಾಲದ ವೀರಗಲ್ಲುಗಳಿವೆ. ಊರಿನ ದನ ಕಾಯಲು ಹೋಗಿ ಸತ್ತವರ ಕಲ್ಲುಗಳೂ ಅವುಗಳಲ್ಲಿವೆ. ಅಂಥದೊಂದರ ಬುಡ ಅಗೆದು, ಎರಡು ಹೋಳು ಮಾಡಿ ಬಿಸಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುರಿದ ತುಂಡಿನ ಮೇಲೆ ಅರ್ಧ ಸಾಲು ಅಕ್ಷರ ಉಳಿದಿತ್ತು. ಇನ್ನರ್ಧ ಪುಡಿಯಾಗಿತ್ತು. ಕಲ್ಲು ನಿಲ್ಲಿಸಿದ ಊರು ಯಾವ ಕಾಲದಲ್ಲೂ ಬಡ ಊರೇ, ಕೆಳಗೆ ಚಿನ್ನ ಹೂಳಲು ಅವರ ಹತ್ತಿರ ಇದ್ದದ್ದಾದರೂ ಏನು? ಆ ಹೋಳುಗಳನ್ನು ಕಂಡ ಸಂಕಟ ಇವತ್ತಿಗೂ ಹೋಗಿಲ್ಲ.

ಕಾನೂನಿನ ಮಾತು ಚಿಕ್ಕದು, ಆದರೆ ಯಂತ್ರ ಕೊಳ್ಳುವ ಮೊದಲೇ ತಿಳಿದಿರಬೇಕು. ಚಿನ್ನ ಪ್ರಧಾನ ಖನಿಜ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ಶೋಧಿಸುವುದೂ ಅಪರಾಧ, ತೆಗೆಯುವುದೂ ಅಪರಾಧ. 2015ರ ತಿದ್ದುಪಡಿಯ ನಂತರ ಐದು ವರ್ಷದವರೆಗೆ ಜೈಲು ಆಗಬಹುದು. "ನಮ್ಮದೇ ಪಟ್ಟಾ ಜಮೀನು" ಎಂದರೂ ಬಿಡುವುದಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ನೆಲದೊಳಗಿನದ್ದಕ್ಕೂ ಜಮೀನಿನವನೇ ಒಡೆಯ ಎಂದದ್ದು ನಿಜ, ಆದರೆ ಒಡೆತನ ಬೇರೆ, ತೆಗೆಯುವ ಅನುಮತಿ ಬೇರೆ. ಹೂತಿಟ್ಟ ಒಡವೆ, ನಾಣ್ಯ ಸಿಕ್ಕರೆ ನಿಧಿ ಕಾಯ್ದೆ ಅನ್ವಯಿಸುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕದ ಹತ್ತಿರ ಗುದ್ದಲಿ ಎತ್ತಲೇಬಾರದು. ಕೋಲಾರಕ್ಕೆ ಎತ್ತಿನಗಾಡಿಯಲ್ಲಿ ಹೋಗಿ ಚಿನ್ನ ಅರಸಿದ ಮೈಕಲ್ ಲ್ಯಾವೆಲ್ಲೆ ಕೂಡ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, ಕಾದು, 1875ರಲ್ಲಿ ಗುತ್ತಿಗೆ ಪಡೆದ ಮೇಲೇ ಅಗೆದದ್ದು. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಅವನ ಹೆಸರಿನದು.

ಹಾಗಿದ್ದರೆ 'ಕಡಿಮೆ ಬಜೆಟ್ಟಿಗೆ ಮೊದಲ ಡಿಟೆಕ್ಟರ್' ಎಂಬ ಪ್ರಶ್ನೆ ಯಾರಿಗೆ ಸಲ್ಲುತ್ತದೆ? ಮೆಲ್ಬರ್ನಿನಲ್ಲೋ ಪರ್ತ್‌ನಲ್ಲೋ ನೆಲೆಸಿರುವ ಕನ್ನಡದ ಮನೆಗಳಿಗೆ ಸಲ್ಲುತ್ತದೆ. ವಿಕ್ಟೋರಿಯಾದಲ್ಲಿ 'ಮೈನರ್ಸ್ ರೈಟ್' ಎಂಬ ಚೀಟಿಯನ್ನು ಸಣ್ಣ ಶುಲ್ಕ ಕಟ್ಟಿ ಯಾರಾದರೂ ಪಡೆಯಬಹುದು, ಹತ್ತು ವರ್ಷ ನಡೆಯುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅದು ಜೀವನಪೂರ್ತಿ. ಚೀಟಿ ಇದ್ದರೆ ಅನುಮತಿ ಇರುವ ಸರ್ಕಾರಿ ನೆಲದಲ್ಲಿ ಕೈ ಉಪಕರಣಗಳಿಂದ ಹುಡುಕಿ, ಸಿಕ್ಕ ಚಿನ್ನವನ್ನು ಇಟ್ಟುಕೊಳ್ಳಬಹುದು. ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಲ್ಲರಟ್, ಬೆಂಡಿಗೊ ಕಡೆ ಹೋಗುವವರಿಗೆ ನನ್ನ ಸಲಹೆ ಇಷ್ಟು. ನಾಣ್ಯದ ಯಂತ್ರ ಬೇಡ. ಲಕ್ಷಾಂತರ ರೂಪಾಯಿಯ ಪಲ್ಸ್ ಯಂತ್ರವೂ ಮೊದಲಿಗೆ ಬೇಡ. 45 ಕಿಲೋಹರ್ಟ್ಸ್ ಆಸುಪಾಸಿನ, ತಾನೇ ನೆಲಕ್ಕೆ ಹೊಂದಿಕೊಳ್ಳುವ, ಸಣ್ಣ ಕಾಯಿಲ್ ಇರುವ ಚಿನ್ನದ ಯಂತ್ರ ಸಾಕು. ಬಳಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಜೊತೆಗೆ ಒಳ್ಳೆಯ ಹೆಡ್‌ಫೋನ್. ಗುದ್ದಲಿಯ ಹಿಂಬದಿಗೆ ಗಟ್ಟಿ ಅಯಸ್ಕಾಂತ ಅಂಟಿಸಿಕೊಂಡರೆ ಅರ್ಧ ಮೊಳೆಗಳು ತಾವೇ ಮೇಲೆ ಬರುತ್ತವೆ. ಕಾಯಿಲನ್ನು ನೆಲ ಸವರುವಷ್ಟು ಕೆಳಗೆ, ಅತ್ಯಂತ ನಿಧಾನವಾಗಿ ಬೀಸಬೇಕು. ಹಳೆಯ ಗಣಿಗಾರರು ಅಗೆದು ಬಿಟ್ಟ ಜಾಗಗಳ ನಕ್ಷೆ ಸಂಪಾದಿಸುವುದು ಯಂತ್ರದಷ್ಟೇ ಮುಖ್ಯ. ಚಿನ್ನ ಸಿಕ್ಕಿದ ಕಡೆಯೇ ಮತ್ತೆ ಸಿಗುವುದು.

ಕೆಂಚಾರ್ಲಹಳ್ಳಿಯಲ್ಲೂ ಡಿಟೆಕ್ಟರಿಗೆ ಕೆಲಸ ಇಲ್ಲದಿಲ್ಲ. ಕಡಲೆಕಾಯಿ ಕೀಳುವಾಗ, ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕಿವಿಯ ಓಲೆ, ತಾಳಿಯ ಗುಂಡು ಕಳೆದುಕೊಂಡ ಹೆಂಗಸರು ಊರೂರಿಗೂ ಇದ್ದಾರೆ. ಸಾಮಿಲ್‌ನಲ್ಲಿ ಹುಣಸೆ ದಿಮ್ಮಿಯೊಳಗೆ ಯಾವ ಕಾಲದಲ್ಲೋ ಹೊಡೆದ ಮೊಳೆ ಗರಗಸದ ಹಲ್ಲು ಮುರಿಯುತ್ತದೆ. ಮಣ್ಣಲ್ಲಿ ಹೂತುಹೋದ ಹಳೆಯ ಕಬ್ಬಿಣದ ಪೈಪಿನ ಜಾಡು ಹಿಡಿಯಬೇಕಾಗುತ್ತದೆ. ಕರೆದವರ ಜಮೀನಿನಲ್ಲಿ, ಅವರೇ ಕಳೆದುಕೊಂಡ ವಸ್ತು ಹುಡುಕಿಕೊಡುವುದಕ್ಕೆ ಹತ್ತು ಸಾವಿರದ ಯಂತ್ರ ನಡೆಯುತ್ತದೆ. ಅದನ್ನೂ ಹಣ ಕೊಡುವ ಮೊದಲು ನಮ್ಮ ಮಣ್ಣಿನಲ್ಲೇ ಪರೀಕ್ಷಿಸಬೇಕು. ಅಂಗಡಿಯವನು ಟೇಬಲ್ಲಿನ ಮೇಲೆ ಉಂಗುರ ಇಟ್ಟು ಸದ್ದು ಮಾಡಿಸಿ ತೋರಿಸುತ್ತಾನೆ. ಅದು ಪರೀಕ್ಷೆಯಲ್ಲ. ಉಂಗುರ ಮುಚ್ಚಿದ ಬಳೆಯಾದ್ದರಿಂದ ಅದರಲ್ಲಿ ಸುಳಿ ಸುಲಭವಾಗಿ ಏಳುತ್ತದೆ, ಎಂಥ ಯಂತ್ರಕ್ಕೂ ಕೇಳಿಸುತ್ತದೆ. ಮನೆಯ ತಾಳಿ ಗುಂಡೊಂದನ್ನು ಉದ್ದ ದಾರಕ್ಕೆ ಕಟ್ಟಿ, ಹೊಲದ ಒದ್ದೆ ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ ಹೂತು, ದಾರದ ತುದಿ ಹೊರಗೆ ಬಿಟ್ಟು ಯಂತ್ರ ಬೀಸಿ ನೋಡಬೇಕು. ಆಮೇಲೆ ಸಣ್ಣ ಎಳೆಯ ಸರ ಹೂತು ನೋಡಬೇಕು. ಸರದ ಪ್ರತಿ ಕೊಂಡಿಯೂ ಯಂತ್ರಕ್ಕೆ ಬೇರೆ ಬೇರೆ ಚೂರಿನಂತೆ ಕೇಳಿಸುವುದರಿಂದ ಎರಡು ತೊಲ ಸರವೂ ಒಂದು ಗುಂಡಿಗಿಂತ ಮೆಲ್ಲಗೆ ಕೂಗುತ್ತದೆ. ಬಹಳ ಜನ ಕಳೆದುಕೊಳ್ಳುವುದು ಸರವನ್ನೇ. ಕರೆಯಲು ಬಂದವರಿಗೆ ಈ ಮಾತನ್ನು ಮೊದಲೇ ಹೇಳಿಬಿಡಬೇಕು.

ಮಳೆ ಬಿದ್ದ ಮೇಲೆ ನಾನು ಮತ್ತೆ ಆ ಕಡೆ ಹೋದಾಗ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನು ಮಧ್ಯೆ ಮಾತಾಡಲಿಲ್ಲ. ಎದ್ದು ಹೋಗಿ ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ತಂದ. ಅದಕ್ಕೆ ನೋಟ್‌ಬುಕ್ಕಿನ ಹಾಳೆ ಸುತ್ತಿ, ಅವರ ಹೊಲದ ಸಾಲಿನಲ್ಲಿ ಮಳೆನೀರು ಹರಿದು ಮರಳು ನಿಂತಿದ್ದ ಕಡೆ ಎಳೆದೆವು. ಎತ್ತಿ ನೋಡಿದರೆ ಹಾಳೆಯ ತುಂಬ ಕರಿಮರಳು ಮುಳ್ಳಿನಂತೆ ನಿಮಿರಿ ನಿಂತಿತ್ತು. ಯಂತ್ರಕ್ಕೆ ಮೊದಲು ಕೇಳಿಸುವುದು ಇದೇ ಎಂದೆ. ಅವನು ಹಾಳೆಯನ್ನು ಬಿಡಿಸಿ, ಕರಿಮರಳನ್ನು ಅಂಗೈಗೆ ಉದುರಿಸಿಕೊಂಡು, ಇದು ಎಲ್ಲಿಂದ ಬಂತು ಅಣ್ಣಾ ಎಂದು ಕೇಳಿದ. ಮೇಲಿನ ಬಂಡೆಯಿಂದ ಎಂದೆ. ಇಬ್ಬರೂ ಸಾಲು ಹಿಡಿದು ಬಂಡೆಯ ಕಡೆ ನಡೆದೆವು.